ಡ್ರಿಲ್ ಮಾಸ್ತರರ ಕೈಯಲ್ಲಿ ಕಸಬರಿಗೆ

ಮನುಷ್ಯ ತನ್ನ ಬಗ್ಗೆ ತಾನು ಇಟ್ಟುಕೊಂಡ ನಂಬಿಕೆಗಳಲ್ಲಿ ಒಂದೆರಡಾದರೂ ಯಾರೂ ಪರೀಕ್ಷೆ ಮಾಡದೆ ಹಾಗೇ ಉಳಿಯಬೇಕು ಎಂಬುದು ನನ್ನ ಅಭಿಪ್ರಾಯ. ಹಾಡಲು ಬರುತ್ತದೆ ಅಂದುಕೊಂಡವನನ್ನು ವೇದಿಕೆ ಹತ್ತಿಸಬಾರದು. ಈಜು ಬರುತ್ತದೆ ಅಂದುಕೊಂಡವನನ್ನು ಬಾವಿಯ ಕಡೆ ಕರೆದೊಯ್ಯಬಾರದು. ನನ್ನ ನಂಬಿಕೆಯಂತೂ ಇವೆರಡಕ್ಕಿಂತ ಗಟ್ಟಿಯಾದದ್ದು. ನಾನು ವ್ಯಾಯಾಮದ ಮನುಷ್ಯ ಎಂದು ತಿಳಿದಿದ್ದೆ. ತಿಳಿಯದೆ ಏನು ಮಾಡಲಿ, ನಾನು ಹೈಸ್ಕೂಲಿನ ಡ್ರಿಲ್ ಮಾಸ್ತರ. ವಾಡಿಯಲ್ಲಿ ಕೆಲವು ವರ್ಷ, ಕಾಳಗಿಯಲ್ಲಿ ಕೆಲವು ವರ್ಷ, ಕೊನೆಗೆ ನಮ್ಮ ಶಹಾಬಾದದಲ್ಲೇ ಬಹಳ ವರ್ಷ ಮಕ್ಕಳನ್ನು ಓಡಿಸಿ, ಬಗ್ಗಿಸಿ, ಎಬ್ಬಿಸಿ ನಿವೃತ್ತನಾದವನು. ಅಂಥವನಿಗೆ ಈ ಸಲ ಸಂಕ್ರಾಂತಿಯ ಮರುವಾರ ಡಾಕ್ಟರ್ ಶಿವರಾಜ, ರಕ್ತಪರೀಕ್ಷೆಯ ಚೀಟಿ ನೋಡುತ್ತಾ, "ಸರ್, ನಿಮ್ಮ ಮೈಗೆ ವ್ಯಾಯಾಮ ಅಂಬೋದು ಗೊತ್ತೇ ಇದ್ದಂಗಿಲ್ಲ" ಅಂದುಬಿಟ್ಟ. ಈ ಶಿವರಾಜ ನನ್ನ ಶಿಷ್ಯ. ಅವನನ್ನು ಮೈದಾನದ ಸುತ್ತ ಓಡಿಸಿದವನೇ ನಾನು.

ಪಕ್ಕದಲ್ಲಿದ್ದ ನನ್ನ ಹೆಂಡತಿ ಸುಮಿತ್ರಾ ನನ್ನ ನೆರವಿಗೆ ಬರುತ್ತಾಳೆ ಅಂದುಕೊಂಡೆ. ಅವಳು ಡಾಕ್ಟರನ ಕಡೆಯೇ ತಿರುಗಿ, "ಖರೇ ಅದ ನೋಡಪ್ಪಾ. ಇವ್ರು ಸೀಟಿ ಊದೋರು, ಓಡೋರು ಹುಡುಗ್ರು" ಅಂದಳು. ಇಷ್ಟು ವರ್ಷ ಈ ಮಾತು ನನಗೆ ಯಾಕೆ ಹೊಳೆಯಲಿಲ್ಲವೋ ತಿಳಿಯದು. ನೆನಪಿಸಿಕೊಂಡರೆ ಅವಳ ಮಾತು ಸುಳ್ಳೂ ಅಲ್ಲ. ಮೈದಾನದ ಮೂಲೆಯ ಬೇವಿನ ಮರದ ಕೆಳಗೆ ನನ್ನ ಕುರ್ಚಿ ಇರುತ್ತಿತ್ತು. ಕುರ್ಚಿಯನ್ನು ಒಬ್ಬ ಹುಡುಗ ತರುತ್ತಿದ್ದ, ಕೊಡೆಯನ್ನು ಇನ್ನೊಬ್ಬ. ನಾನು ಸೀಟಿ ಊದಿದರೆ ಓಟ, ಮತ್ತೆ ಊದಿದರೆ ನಿಲುಗಡೆ. ಕೆನ್ನೆಗೆ ವ್ಯಾಯಾಮ ಸಿಕ್ಕಿರಬಹುದು, ಹೊಟ್ಟೆಗೆ ಸಿಕ್ಕಿರಲಿಲ್ಲ. ಮುಂಜಾನೆ ಪ್ರಾರ್ಥನೆ ಮುಗಿದ ಮೇಲೆ ನಾನು ತಪ್ಪದೆ ಕೇಳುತ್ತಿದ್ದ ಒಂದು ಪ್ರಶ್ನೆ ಇತ್ತು: "ದೊಡ್ಡವರ ಕೈಯಾಗ ಕೆಲಸ ಕಂಡ್ರ ಏನ್ ಮಾಡ್ತೀರಿ?" ಇಡೀ ಮೈದಾನ ಒಂದೇ ಕಂಠದಿಂದ, "ನಾವು ಮಾಡ್ತೀವಿ ಸರ್" ಅನ್ನುತ್ತಿತ್ತು. ಮಕ್ಕಳಲ್ಲಿ ಸಂಸ್ಕಾರ ಬೆಳೆಯಲಿ ಅಂತ ಶುರುಮಾಡಿದ್ದು. ನನ್ನ ಕಾಯಿಪಲ್ಲೆಯ ಚೀಲವೂ ಆ ಸಂಸ್ಕಾರದ ಹೆಗಲೇರಿಯೇ ಮನೆ ಸೇರುತ್ತಿತ್ತು.

ಶಿವರಾಜ ಗಡುವು ಹಾಕಿದ. "ಯುಗಾದಿ, ರಂಜಾನ್ ಎಲ್ಲಾ ಮುಗಿಸಿ ಬರ್ರಿ ಸರ್. ಸಕ್ರಿ ಇಳೀಲಿಲ್ಲಂದ್ರ ಗುಳಗಿ ಸಾಲಂಗಿಲ್ಲ, ದಿನಾ ಸೂಜಿ ಚುಚ್ಚಕೋಬೇಕಾಗ್ತದ." ಸೂಜಿಯೆಂದರೆ ನನಗೆ ಮೊದಲಿನಿಂದಲೂ ಆಗದು. ಶಾಲೆಯಲ್ಲಿ ಲಸಿಕೆ ಹಾಕುವ ದಿನ ಹುಡುಗರ ರಟ್ಟೆ ಹಿಡಿದು ನಿಲ್ಲುವ ಕೆಲಸ ನನ್ನದಾಗಿತ್ತು. "ಹೆದರಬ್ಯಾಡ್ರಿ, ಇರುವಿ ಕಡಿದಂಗ" ಎಂದು ಧೈರ್ಯ ಹೇಳುತ್ತಿದ್ದೆ, ಮುಖ ಮಾತ್ರ ಗೋಡೆಯ ಕಡೆ ಇರುತ್ತಿತ್ತು. ಈಗ ಆ ಇರುವೆ ದಿನಾಲೂ ನನ್ನ ಹೊಟ್ಟೆಯನ್ನೇ ಹುಡುಕಿಕೊಂಡು ಬರುತ್ತದೆ ಎಂದರೆ ಸುಮ್ಮನೆ ಮಾತಲ್ಲ.

ಮರುದಿನ ಬೆಳಿಗ್ಗೆಯೇ ವಾಕಿಂಗ್ ಹೊರಟೆ. ಓಣಿ ದಾಟುವಷ್ಟರಲ್ಲಿ ಹಿಂದಿನಿಂದ ಬಂದ ಶಿಷ್ಯನೊಬ್ಬನ ಮೋಟಾರ್ ಸೈಕಲ್ ಗಕ್ಕನೆ ನಿಂತಿತು. "ಸರ್, ನೀವು ನಡಕೋತ ಹೊಂಟೀರಲ್ಲ? ಹತ್ರಿ, ಬಿಡ್ತೀನಿ." ವಾಕಿಂಗ್ ಎಂದೆ. ಅವನು ನಂಬಲಿಲ್ಲ. ಗಾಡಿ ಕೆಟ್ಟಿರಬೇಕು, ಹೇಳಲು ಸರ್ ಸಂಕೋಚಪಡುತ್ತಿದ್ದಾರೆ ಅಂದುಕೊಂಡ. ಹತ್ತಿಸಿಕೊಂಡು ಸ್ಟೇಶನ್ನಿನ ತನಕ ಬಿಟ್ಟ. ಅಲ್ಲಿಂದ ಮನೆಗಾದರೂ ನಡೆಯೋಣವೆಂದರೆ ಆಟೋ ನಿಲ್ಲಿಸಿಕೊಂಡಿದ್ದ ಇನ್ನೊಬ್ಬ ಶಿಷ್ಯ ನನ್ನನ್ನು ಹೆಚ್ಚುಕಡಿಮೆ ಎತ್ತಿಯೇ ಕೂರಿಸಿದ. ಊರಲ್ಲಿ ಗಂಡುಮಕ್ಕಳೆಂದರೆ ಅರ್ಧಕ್ಕರ್ಧ ನನ್ನ ಸೀಟಿ ಕೇಳಿ ಬೆಳೆದವರೇ. ಒಂದು ವಾರ ವಾಕಿಂಗ್ ಮಾಡಿದೆ. ನಿವೃತ್ತನಾದ ಮೇಲೆ ನಾನು ವಾಹನಗಳಲ್ಲಿ ಅಷ್ಟು ತಿರುಗಾಡಿದ್ದು ಅದೇ ಮೊದಲು.

ಆಗ ನನಗೆ ಮನೆಗೆಲಸದ ವಿಚಾರ ಹೊಳೆಯಿತು. ಶಿವರಾಜನಿಗೆ ಫೋನು ಮಾಡಿ, ಕಸ ಹೊಡೆಯುವುದು, ಅಂಗಳ ತೊಳೆಯುವುದು, ಬಟ್ಟೆ ಒಗೆಯುವುದು, ಇವೆಲ್ಲ ವ್ಯಾಯಾಮದ ಲೆಕ್ಕಕ್ಕೆ ಬರುತ್ತವೆಯೇ ಎಂದು ಕೇಳಿದೆ. "ಯಾಕ ಬರಂಗಿಲ್ಲ ಸರ್, ಬರ್ತದ. ಮೈ ಬೆವರಬೇಕು, ಉಸುರು ಏರಬೇಕು. ಆದ್ರ ಖರೇನ ಮಾಡ್ಬೇಕು" ಅಂದ. ಕೊನೆಯ ಮಾತಿನಲ್ಲಿ ಏನೋ ಚುಚ್ಚು ಇದ್ದಂತಿತ್ತು, ನಾನು ಕೇಳಿಸಿಕೊಳ್ಳಲಿಲ್ಲ. ಸುಮಿತ್ರಾಳ ಹತ್ತಿರ ಹೋಗಿ, ನಾಳೆಯಿಂದ ಮನೆಯ ಕೆಲಸವೆಲ್ಲ ನನ್ನದು, ಅದು ವ್ಯಾಯಾಮವಂತೆ ಎಂದೆ. ಅವಳು ರೊಟ್ಟಿ ಬಡಿಯುತ್ತಿದ್ದವಳು ಕೈ ಹಾಗೇ ನಿಲ್ಲಿಸಿದಳು. ಹಂಚಿನ ಮೇಲಿನ ರೊಟ್ಟಿ ಕರಿಯಾಗುತ್ತಿದ್ದರೂ ನನ್ನನ್ನೇ ನೋಡುತ್ತಿದ್ದಳು. "ಲಗ್ನ ಆದಾಗಿಂದ ಮಾಡ್ಲಿಕತ್ತೀನಿ, ಒಬ್ರೂ ಹೀಂಗ ಅಂದಿಲ್ಲ. ನಾ ಮಾಡಿದ್ರ ಕೆಲಸ, ನೀವು ಮಾಡಿದ್ರ ವ್ಯಾಯಾಮ ಏನ್ರಿ?" ಅಂದಳು. ನಾನು ಕಸಬರಿಗೆ ಎಲ್ಲಿ ಇಡುತ್ತಾರೆ ಎಂದು ಕೇಳಿದೆ. ಅವಳಿಗೆ ಇನ್ನಷ್ಟು ಗಾಬರಿಯಾಯಿತು.

ನಮ್ಮ ಅಂಗಳಕ್ಕೆ ಪೂರ್ತಿ ಫರಸಿ ಕಲ್ಲು ಹಾಸಿದೆ. ಭಂಕೂರದ ಕಡೆಯಿಂದ ತರಿಸಿದ ಕಲ್ಲು, ತೊಳೆದರೆ ಕನ್ನಡಿ, ಬಿಟ್ಟರೆ ಧೂಳಿನ ಹಾಸಿಗೆ. ಮೇಲೆ ಬೇವಿನ ಮರ, ಯುಗಾದಿ ಹತ್ತಿರ ಬಂದಂತೆ ಅದು ಎಲೆ ಉದುರಿಸುವುದನ್ನೇ ಉದ್ಯೋಗ ಮಾಡಿಕೊಳ್ಳುತ್ತದೆ. ಇಂಥ ಅಂಗಳ ಸಿಕ್ಕ ಮೇಲೆ ಸಕ್ಕರೆ ಇಳಿಯದೆ ಎಲ್ಲಿ ಹೋದೀತು ಎಂಬ ಹುರುಪಿನಲ್ಲಿ ಬೆಳಿಗ್ಗೆ ಧೋತರ ಎತ್ತಿ ಕಟ್ಟಿ, ಸೊಂಟ ಬಗ್ಗಿಸಿ ಗುಡಿಸತೊಡಗಿದೆ. ಒಂದು ಕಲ್ಲು ಮುಗಿದು ಎರಡನೆಯದಕ್ಕೆ ಬಂದಿದ್ದೆ. ಎದುರುಮನೆಯ ಮಹಿಬೂಬ ಗೇಟು ದೂಡಿಕೊಂಡು ಓಡಿಬಂದ. ಅವನೂ ನನ್ನ ಶಿಷ್ಯನೇ, ಈಗ ಮೋಟಾರು ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವನ ಮುಖ ನೋಡಿ ನನ್ನ ಬೆನ್ನ ಹಿಂದೆ ಹಾವು ಬಂದಿದೆಯೇನೋ ಅಂದುಕೊಂಡೆ. "ಸರ್, ಏನ್ ಮಾಡ್ಲಿಕತ್ತೀರಿ? ನಾವೆಲ್ಲಾ ಸತ್ತೀವೇನ್ರಿ?" ಎಂದು ಕಸಬರಿಗೆ ಕಸಿದುಕೊಂಡ. ನಾನು ವ್ಯಾಯಾಮ, ಸಕ್ಕರೆ, ಸೂಜಿ ಎಂದು ಮೂರೂ ಹೇಳಿದೆ. ಅವನು ಒಂದನ್ನೂ ಕೇಳಿಸಿಕೊಳ್ಳದೆ, "ನೀವು ಕುಂದ್ರಿ ಸರ್" ಎಂದು ಕಟ್ಟೆಯ ಮೇಲೆ ಕೂರಿಸಿ, ತನ್ನ ಮನೆಯ ಕಡೆ ಮುಖ ಮಾಡಿ ಹೆಂಡತಿಯನ್ನು ಕೂಗಿದ: "ರಜಿಯಾ, ಸರ್‌ಗೆ ಚಾ ತಾ. ಸಕ್ರಿ ಜರಾ ಜಾಸ್ತಿ ಇರ್ಲಿ, ದಣದಾರ."

ಆ ಚಹಾ ನಾನು ಕುಡಿದೆ. ಇಲ್ಲಿ ಓದುಗರು ನನ್ನನ್ನು ತಪ್ಪು ತಿಳಿಯಬಾರದು, ಬೇಡ ಎಂದು ಒಂದು ಸಲ ಹೇಳಿದ್ದೆ. ಎರಡನೆಯ ಸಲ ಹೇಳುವಷ್ಟರಲ್ಲಿ ಚಹಾದ ಕಪ್ಪು-ಬಸಿ ಕೈಯಲ್ಲಿತ್ತು. ನಮ್ಮ ಕಡೆ ಕೈಗೆ ಬಂದ ಚಹಾ ತಿರುಗಿಸಿ ಕಳಿಸುವುದು ವೈರ ಕಟ್ಟಿಕೊಂಡಂತೆ.

ಅಷ್ಟಕ್ಕೇ ಮುಗಿದಿದ್ದರೆ ಚಿಂತೆಯಿರಲಿಲ್ಲ. ಸರ್ ಕಸಬರಿಗೆ ಹಿಡಿದಿದ್ದಾರೆಂದರೆ ಸುಮಿತ್ರಾ ಅಕ್ಕನಿಗೆ ಏನೋ ಆಗಿದೆ ಎಂದು ಓಣಿ ತೀರ್ಮಾನಿಸಿತು. ಮಧ್ಯಾಹ್ನದೊಳಗೆ ರಜಿಯಾ ಬಂದು ಸುಮಿತ್ರಾಳ ಕೈ ಹಿಡಿದು, "ಏನಾಗ್ಯಾದ ಅಕ್ಕಾ, ನನ್ನ ಮುಂದರ ಹೇಳ್ರಿ" ಎಂದು ಕಣ್ಣು ತುಂಬಿಕೊಂಡಳು. ಇವಳು, "ನನಗೇನಾಗಿಲ್ಲವ್ವಾ, ಆಗಿದ್ದು ಇವ್ರಿಗೆ" ಅಂದಳು. ರಜಿಯಾ ನನ್ನ ಹೊಟ್ಟೆಯನ್ನೂ ಕೈಯಲ್ಲಿದ್ದ ಚಹಾವನ್ನೂ ನೋಡಿ, ಇವರಿಗೇನೂ ಆಗಿಲ್ಲವೆಂದು ನಿಶ್ಚಯಿಸಿಕೊಂಡಳು. "ಅಕ್ಕಾಂದು ಭಾಳ ಸಹನಾ, ಬೀಮಾರ ಇದ್ರೂ ಬಾಯಿ ಬಿಡಂಗಿಲ್ಲ" ಎಂದು ನಾಲ್ಕು ಮನೆಗೆ ಹೇಳಿದಳು. ಮರುದಿನದಿಂದ ನಮ್ಮ ಒಲೆಗೆ ರಜೆ. ಒಂದು ಮನೆಯಿಂದ ಬಿಸಿ ರೊಟ್ಟಿ, ಇನ್ನೊಂದು ಮನೆಯಿಂದ ಪಲ್ಲೆ, ಶಕ್ತಿ ಬರಲಿ ಅಂತ ಮತ್ತೊಂದು ಮನೆಯಿಂದ ಬೆಲ್ಲದ ಸಜ್ಜಕ. ಸುಮಿತ್ರಾ ಪಾತ್ರೆ ತೊಳೆಯಲು ಕುಳಿತರೆ ಯಾರಾದರೊಬ್ಬರು ರಟ್ಟೆ ಹಿಡಿದು ಎಬ್ಬಿಸಿ ಮಂಚಕ್ಕೆ ಕಳಿಸುತ್ತಿದ್ದರು. ಮೊದಲ ನಾಲ್ಕು ದಿನ ಜಗಳಾಡಿದಳು. ಆಮೇಲೆ ಅವಳಿಗೂ ಮಂಚ ರೂಢಿಯಾಯಿತು.

ನಾನು ಪ್ರಯತ್ನ ಬಿಡಲಿಲ್ಲ ಎಂಬುದನ್ನು ಮಾತ್ರ ದಾಖಲಿಸಬೇಕು. ಹಿತ್ತಲಿನಲ್ಲಿ ಬಟ್ಟೆ ಒಗೆಯಲು ಹೋದೆ. ಪಕ್ಕದ ಮನೆಯ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕುತ್ತಿದ್ದವರು ನೋಡಿ, ಮಗನನ್ನು ಗೋಡೆ ಹಾರಿಸಿ ಕಳಿಸಿದರು. ಮಾಳಿಗೆ ಗುಡಿಸಲು ಹತ್ತಿದೆ, ಇಡೀ ಓಣಿಗೇ ಕಂಡೆ. ರಂಜಾನ್ ತಿಂಗಳು ಬಂದಾಗ ಸ್ವಲ್ಪ ಆಸೆ ಚಿಗುರಿತು. ಮಹಿಬೂಬ ಉಪವಾಸ, ಗುಟುಕು ನೀರೂ ಇಲ್ಲ, ಇನ್ನು ಅವನು ನನ್ನ ಅಂಗಳಕ್ಕೆ ಬರಲಾರ ಅಂದುಕೊಂಡು ಕಸಬರಿಗೆ ತೆಗೆದೆ. ಬಂದೇಬಿಟ್ಟ. "ರೋಜಾ ಇದ್ದೀಯಲ್ಲೋ, ಬಿಡೋ" ಎಂದರೆ, "ರೋಜಾ ಹೊಟ್ಟಿಗೆ ಅದ ಸರ್, ಕೈಗೇನಿಲ್ಲ" ಅಂದ. ಉಗುಳೂ ನುಂಗದೆ ಆತ ಗುಡಿಸುವುದು, ಎದುರಿಗೆ ಕುಳಿತು ನಾನು ಚಹಾ ಹೀರುವುದು. ನನಗೆ ನಾಚಿಕೆಯಾಗುತ್ತಿತ್ತು. ಆದರೆ ನಾಚಿಕೆಗೆ ಮೈ ಬೆವರುತ್ತದೆಯೇ ಹೊರತು ಸಕ್ಕರೆ ಇಳಿಯುವುದಿಲ್ಲವಂತೆ. ಈ ಸಲ ಯುಗಾದಿಯೂ ರಂಜಾನ್ ಹಬ್ಬವೂ ಒಂದರ ಬೆನ್ನಿಗೆ ಒಂದು ಬಂದವು. ಒಂದು ಕಡೆಯಿಂದ ಹೋಳಿಗೆ, ಇನ್ನೊಂದು ಕಡೆಯಿಂದ ಹಾಲು-ಸಕ್ಕರೆಯ ಸುರಕುಂಬಾ. ಬೀಮಾರಿನವರ ಮನೆಯೆಂದು ಎಲ್ಲರೂ ತಂಬಿಗೆಯ ಬದಲು ಕೊಡದಲ್ಲೇ ಕಳಿಸಿದಂತಿತ್ತು.

ಹಬ್ಬ ಮುಗಿಸಿ ಇಬ್ಬರೂ ಶಿವರಾಜನ ದವಾಖಾನೆಗೆ ಹೋದೆವು. ನನ್ನ ಚೀಟಿ ನೋಡಿ ಅವನು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದ. ಸಕ್ಕರೆ ಇಳಿಯುವುದಿರಲಿ, ಏಣಿ ಹಾಕಿಕೊಂಡು ಮೇಲೆ ಹತ್ತಿತ್ತು. "ಸೂಜೀನೇ ಸರ್" ಅಂದ. ನಾನು ಗೋಡೆಯ ಕಡೆ ಮುಖ ತಿರುಗಿಸಿದೆ. ಆದರೆ ಅದಕ್ಕಿಂತ ದೊಡ್ಡ ಪೆಟ್ಟು ಹಿಂದೆಯೇ ಇತ್ತು. ಬಂದಿದ್ದೀರಲ್ಲ, ನಿಮ್ಮದೂ ನೋಡೋಣ ಎಂದು ಸುಮಿತ್ರಾಳ ರಕ್ತವನ್ನೂ ತೆಗೆಸಿದ್ದ. ಇಷ್ಟು ವರ್ಷದಲ್ಲಿ ನೆಗಡಿಯ ಹೊರತು ಬೇರೆ ಬೇನೆ ಕಾಣದ ಹೆಣ್ಣುಮಗಳು. ಅವಳ ಸಕ್ಕರೆಯೂ ಗಡಿ ದಾಟಿತ್ತು. ನನಗೆ ನಿಜಕ್ಕೂ ಹೆದರಿಕೆಯಾಯಿತು. ನನ್ನ ಸೂಜಿ ನನಗೆ ಮರೆತೇ ಹೋಯಿತು. ಅವಳ ಕೈಗಳನ್ನೇ ನೋಡಿದೆ. ರೊಟ್ಟಿ ಬಡಿದು ಬಡಿದು ಗಟ್ಟಿಯಾಗಿದ್ದ ಅಂಗೈಗಳು ಎರಡು ತಿಂಗಳಲ್ಲಿ ಮೆತ್ತಗಾಗಿ ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು.

"ಹಿಂಗ್ಯಾಕ ಆತ್ರಿ ಅವ್ವಾರ?" ಎಂದು ಶಿವರಾಜ ಕೇಳಿದ. ಸುಮಿತ್ರಾ ಸಾವಕಾಶವಾಗಿ ಹೇಳಿದಳು: "ನನ್ನ ಕೈಯಾಗಿನ ಕೆಲಸ ಇವ್ರು ಕಸಗೊಂಡ್ರು. ಇವ್ರ ಕೈಯಾಗಿಂದು ಮಂದಿ ಕಸಗೊಂಡ್ರು. ನಾವಿಬ್ರೂ ಕುಂತು ತಿಂದೀವಿ ನೋಡಪ್ಪಾ." ಅವನು ನಗು ತಡೆಯಲು ನೋಡಿದ, ಆಗಲಿಲ್ಲ. "ಅಂದ್ರ ಸರ್, ನೀವು ಅವತ್ತ ಕೇಳಿದ್ರಲ್ಲ, ಮನಿ ಕೆಲಸ ವ್ಯಾಯಾಮ ಹೌದೋ ಅಲ್ಲೋ ಅಂತ. ಅವ್ವಾರ ರಕ್ತದಾಗ ಉತ್ತರ ಸಿಕ್ಕದ ನೋಡ್ರಿ" ಅಂದ. ಇಷ್ಟು ವರ್ಷ ನಮ್ಮ ಮನೆಯಲ್ಲಿ ವ್ಯಾಯಾಮದ ಮನುಷ್ಯ ಯಾರಾಗಿದ್ದರು ಎಂಬುದು ಹೀಗೆ ದವಾಖಾನೆಯಲ್ಲಿ, ನನ್ನ ಶಿಷ್ಯನ ಬಾಯಿಂದ ಇತ್ಯರ್ಥವಾಯಿತು. ಅವಳ ಕಸಬರಿಗೆ ಅವಳಿಗೆ ಕೊಡಬೇಕು, ಅರ್ಧ ಅಂಗಳ ಮಾತ್ರ ನಾನು ಕೇಳಿ ಪಡೆಯಬೇಕು, ಉಳಿದದ್ದಕ್ಕೆ ನಡಿಗೆ ಎಂದು ತೀರ್ಪಾಯಿತು. "ಇವತ್ತಿನಿಂದಲೇ ಸರ್. ಇಲ್ಲಿಂದ ಮನಿಗಿ ನಡಕೊಂಡೇ ಹೋಗ್ರಿ. ಯಾರು ಹತ್ರಿ ಅಂದ್ರೂ ಹತ್ತಬ್ಯಾಡ್ರಿ" ಎಂದು ಬೆರಳು ತೋರಿಸಿ ಹೇಳಿದ. ನಾನು ಹುಡುಗರಿಗೆ ಬೆರಳು ತೋರಿಸುತ್ತಿದ್ದುದು ಹಾಗೆಯೇ.

ಹೊರಗೆ ಬಂದೆವು. ಮಧ್ಯಾಹ್ನ ಹತ್ತಿರವಾಗಿತ್ತು, ನಮ್ಮ ಊರಿನ ಬಿಸಿಲು ಎಂದರೆ ಮತ್ತೆ ಹೇಳಬೇಕಿಲ್ಲ, ಕಾಲ ಕೆಳಗಿನ ಕಲ್ಲು ಹಂಚಿನಂತೆ ಕಾದಿತ್ತು. ಸುಮಿತ್ರಾ ಸೆರಗು ತಲೆಯ ಮೇಲೆ ಎಳೆದುಕೊಂಡು ಮುಂದೆ ನಡೆದಳು. ನಾನು ಹಿಂದೆ. ಎರಡು ಅಂಗಡಿ ದಾಟಿರಬಹುದು, ಪಕ್ಕದಲ್ಲಿ ಒಂದು ಕಾರು ಬಂದು ನಿಂತಿತು. ಊಟಕ್ಕೆಂದು ಮನೆಗೆ ಹೊರಟ ಶಿವರಾಜ ಗಾಜು ಇಳಿಸಿ, ಮುಖದಲ್ಲಿ ಹಳೆಯ ಮೈದಾನದ ಅದೇ ಗಾಬರಿ ಇಟ್ಟುಕೊಂಡು, "ಸರ್, ಇಂಥಾ ಬಿಸಲಾಗ ನಡಕೋತ ಹೊಂಟೀರಲ್ಲ? ಹತ್ರಿ, ಮನಿಗಿ ಬಿಡ್ತೀನಿ" ಅಂದ. ನಾನು ಅವನ ಮುಖ ನೋಡಿದೆ. ಈಗಷ್ಟೇ ತಾನು ಹೇಳಿದ್ದು ಅವನಿಗೆ ನೆನಪೇ ಇರಲಿಲ್ಲ. ಡಾಕ್ಟರ್ ಆಗುವುದಕ್ಕೆ ಮೊದಲೇ ಕಲಿತ ಪಾಠ, ಅಷ್ಟು ಬೇಗ ಹೋಗುತ್ತದೆಯೇ. ನಾನು ನೆನಪು ಮಾಡಬಹುದಿತ್ತು. ಬೇಡ ಎಂದು ಒಂದು ಸಲ ಹೇಳಿಯೂ ಹೇಳಿದೆ. ಅಷ್ಟರಲ್ಲಿ ಅವನು ಇಳಿದು ಬಾಗಿಲು ತೆಗೆದು ನಿಂತಿದ್ದ, ಒಳಗೆ ಎ.ಸಿ. ತಂಪಾಗಿತ್ತು.

ಸುಮಿತ್ರಾ ಮಾತ್ರ ಕಾರಿನ ಕಡೆ ನೋಡಲೂ ಇಲ್ಲ. "ನೀವು ಹೋಗ್ರಿ, ನಾ ಬರ್ತೀನಿ. ಅಂಗಳ ಹಾಂಗೇ ಅದ" ಎಂದು ಅದೇ ಹೆಜ್ಜೆಯಲ್ಲಿ ನಡೆದಳು. ಕಾರು ಅವಳನ್ನು ದಾಟುವಾಗ ಶಿವರಾಜ ಕನ್ನಡಿಯಲ್ಲಿ ನೋಡಿ ಬೇಸರದಿಂದ ಕೇಳಿದ, "ನಾ ಅಷ್ಟು ಕರದ್ರೂ ಅವ್ವಾರು ಯಾಕ ಹತ್ತಲಿಲ್ಲ ಸರ್?"

"ಆಕಿ ನನ್ನ ಕೈಯಾಗ ಕಲ್ತಾಕಿ ಅಲ್ಲಪ್ಪಾ" ಅಂದೆ.