ತಡವಾಗಿ ಬೀಳುವ ತಾಳ

ನಮ್ಮ ಸೋದರಮಾವನಷ್ಟು ತಾಳಗೇಡಿ ಮನುಷ್ಯ ಸುರಪುರ ಸೀಮೆಯಲ್ಲಿ ಇನ್ನೊಬ್ಬನಿರಲಿಲ್ಲ, ಬೇಕಾದರೆ ಪಂದ್ಯ ಕಟ್ಟುತ್ತೇನೆ! ಊರೆಲ್ಲ ನಕ್ಕು ಮುಗಿಸಿದ ಮೇಲೆ ಆತ ನಗುತ್ತಿದ್ದ. ಮಂಗಳಾರತಿಗೆ ಎಲ್ಲರೂ ಮುಗಿದ ಕೈ ಇಳಿಸಿದಾಗ ಈತ ಎತ್ತುತ್ತಿದ್ದ. ಭಜನೆಯಲ್ಲಂತೂ ಕೇಳಲೇಬೇಡಿ, ಎಲ್ಲರ ತಾಳ ಒಮ್ಮೆಗೇ ಬಿದ್ದರೆ, ಈತನದು ಹಿಂದಿನಿಂದ ಸಾವಕಾಶ ‘ಝಣ್’!

ಭಜನೆಯ ಹಿರಿಯರು ರೇಗುತ್ತಿದ್ದರು. “ಆ ತಾಳ ಕೆಳಗಿಡೋ ತಮ್ಮಾ! ಬರೇ ಚಪ್ಪಾಳಿ ತಟ್ಟು.”

“ನೀವು ಒಂದೀಟು ನಿಂತ್ರ ನಾನೂ ಬಂದು ಕೂಡ್ತೀನ್ರಿ, ಯಜಮಾನ್ರ.”

ಇವನಿಗಾಗಿ ನಿಲ್ಲುವವರು ಯಾರು?

ನಿಜಾಮರ ಆಳ್ವಿಕೆಯ ಕಡೆಗಾಲ. ಊರ ಮೇಲೆ ದಾಳಿ ಬರುತ್ತದೆಂದು ಸುದ್ದಿ ಹಬ್ಬಿ, ಒಂದು ಬೆಳಿಗ್ಗೆ ಗಂಟುಮೂಟೆ ಕಟ್ಟಿ ಕೃಷ್ಣೆ ದಾಟಲು ಹೊರಟೆವು. ಹೊಳೆ ತುಂಬಿತ್ತು. ತೊಗಲಿನ ಹರಿಗೋಲಿನಲ್ಲಿ ಒಬ್ಬರ ಮೇಲೊಬ್ಬರು ಕೂತೆವು. ನನ್ನ ಮಡಿಲಲ್ಲಿ ಇನ್ನೂ ಹಲ್ಲು ಮೂಡದ ಮಗಳು. ಆ ಗಡಿಬಿಡಿಯಲ್ಲಿ ಮಾವ ಎತ್ತಿಕೊಂಡು ಬಂದದ್ದೇನು? ಕಂಚಿನ ತಾಳ!

ನಡುಹೊಳೆಯಲ್ಲಿದ್ದಾಗ ಹಿಂದಿನ ದಡದಿಂದ ಯಾರೋ ಚೀರಿದರು. ಎಲ್ಲರೂ ಒಮ್ಮೆಗೇ ಅತ್ತ ಬಾಗಿದರು. ಹರಿಗೋಲು ವಾಲಿ ನೀರು ಒಳಗೆ ನುಗ್ಗಿತು.

“ಇತ್ಲಾಗ ಸರೀರೀ!” ಅಂಬಿಗ ಒದರಿದ.

ಎಲ್ಲರೂ ಒಮ್ಮೆಗೇ ಇತ್ತ ಬಿದ್ದರು. ಈಗ ಈ ಅಂಚು ಮುಳುಗತೊಡಗಿತು! ಇನ್ನೊಮ್ಮೆ ವಾಲಿದರೆ ಕೂಸು ನನಗಿಲ್ಲ ಎನಿಸಿತು. ಎದುರಿನ ಅಂಚಿನಲ್ಲಿ ಉಳಿದವನು ಮಾವ ಒಬ್ಬನೇ. ಮೊದಲಿನ ಚೀರಾಟಕ್ಕೆ ಆತ ಈಗಷ್ಟೇ ಅತ್ತ ಬಾಗಿದ್ದ! ಅವನೊಬ್ಬನ ಭಾರಕ್ಕೆ ಹರಿಗೋಲು ಮಗುಚದೆ ನಿಂತಿತ್ತು.

“ಅವಸರ ಮಾಡಬ್ಯಾಡ್ರೋ! ನನ್ನ ತಾಳ ಬಿದ್ದಾಗ ಒಬ್ಬೊಬ್ರ ಈ ಕಡಿ ಬರ್ರಿ. ಯಜಮಾನ್ರ, ಮೊದಲ ನೀವು!”

ಝಣ್. ಭಜನೆಯ ಹಿರಿಯರು ಆ ತಾಳಕ್ಕೇ ಸರಿದರು. ಮತ್ತೆ ಎಷ್ಟು ಹೊತ್ತು ಕಾಯಿಸಿದನೋ ಮಹಾರಾಯ! ಝಣ್. ಕೂಸನ್ನು ಅವುಚಿಕೊಂಡು ನಾನು ಸರಿದೆ. ಆ ನಿಧಾನಕ್ಕೆ ಎಲ್ಲರ ಏದುಸಿರೂ ಇಳಿಯಿತು. ಮುಳುಗುತ್ತಿದ್ದ ಅಂಚು ಮೇಲೆದ್ದಿತು. ಆಮೇಲೆ ಅಂಬಿಗನೂ ಅದೇ ತಾಳಕ್ಕೆ ಹುಟ್ಟು ಹಾಕಿದ.

ದಡ ಸೇರಿ, ನಾವೆಲ್ಲ ಅತ್ತು ಮುಗಿಸಿದ ಮೇಲೆ ಮಾವ ಅಳಲು ಶುರು ಮಾಡಿದ!

ಈಗ ಮಾವ ಇಲ್ಲ. ನಮ್ಮೂರ ಭಜನೆ ಕೇಳಿದ ಪರವೂರಿನವರು, “ಹಿಂಗ್ಯಾಕ್ರೀ ನಡುವ ನಿಂತುಬಿಡ್ತೀರಿ?” ಎನ್ನುತ್ತಾರೆ. ಪ್ರತಿ ಚರಣ ಮುಗಿದಾಗ ಎಲ್ಲರೂ ಕೈ ತಡೆದು ಕಾಯುತ್ತಾರೆ. ಅಂದು ಮಡಿಲಲ್ಲಿದ್ದ ನನ್ನ ಮಗಳು ಮಾವನ ತಾಳ ಹಿಡಿದು, ಹಿಂದಿನಿಂದ, ಸಾವಕಾಶ ಒಮ್ಮೆ ಬಾರಿಸುತ್ತಾಳೆ.