ಕಂಬಳಿ ಮೇಲೆ ಕುಂತು ಆಡಿದ ಮಾತು

ನನ್ನ ತಮ್ಮ ಜಪಾನ್ ದೇಶದ ಒಂದು ವಿಶ್ವವಿದ್ಯಾಲಯಕ್ಕೆ ಏಜೆಂಟ್ ಆಗಿದ್ದ. ಈ ಸಂಗತಿ ಆ ವಿಶ್ವವಿದ್ಯಾಲಯಕ್ಕೆ ಗೊತ್ತಿರಲಿಲ್ಲ, ಅಷ್ಟೇ.

ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಇಷ್ಟು ಕಡೆ ಪಿಯುಸಿ ಪಾಸಾದ ಹುಡುಗರು ಹುಡುಗಿಯರು ಯಾರೂ ಅವನ ಕೈಯಿಂದ ತಪ್ಪಿಸಿಕೊಂಡಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಹಿಡಿದಿದ್ದಾನೆ, ಮದುವೆ ಪಂಕ್ತಿಯಲ್ಲಿ ಹಿಡಿದಿದ್ದಾನೆ. ಹಡಗಲಿಯಲ್ಲಿ ಹಲ್ಲು ಕೀಳಿಸಿಕೊಂಡು ಕುಂತಿದ್ದ ಒಬ್ಬ ಹುಡುಗನನ್ನೂ ಹಿಡಿದಿದ್ದಾನೆ. ಅವನ ಬಾಯಿ ತುಂಬ ಹತ್ತಿ. ಎದುರು ಮಾತಾಡದೆ ಪೂರ್ತಿ ಕೇಳಿದವನು ಅವನೊಬ್ಬನೇ.

ಆ ವಿಶ್ವವಿದ್ಯಾಲಯದ ಹೆಸರು ಮಾತ್ರ ಕೇಳಬೇಡ್ರಿ. ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳ ನಾಲಿಗೆಗೆ ಅದು ಹೊಂದಲ್ಲ.

ಕುರಿ ಉಣ್ಣೆಯವರಿಗೂ ಜಪಾನಿಗೂ ಏನು ಸಂಬಂಧ ಅಂತೀರಿ? ನಾವು ಕಂಬಳಿ ನೇಯುವ ಮನೆತನದವರು. ನಾನು ನೂಲುವವಳು, ಅವನು ನೇಯುವವನು. ಒಂದು ಸಲ ಕೊಟ್ಟೂರಿನ ಸಂತೆಯಲ್ಲಿ ಜಪಾನಿನ ಮೇಡಂ ಒಬ್ಬಳು ನಮ್ಮ ಕಂಬಳಿ ಹಿಡಿದು ಮೂಗಿಗೆ ಒತ್ತಿಕೊಂಡು ನಿಂತಳು. ಕುರಿವಾಸನೆಗೆ ಹೇಸದ ಹೆಣ್ಣು ಅಂತ ನನಗೂ ಮನಸ್ಸಿಗೆ ಬಂತು. ಆ ವಿಶ್ವವಿದ್ಯಾಲಯದಲ್ಲಿ ನೇಯ್ಗೆ ಕಲಿಸುವವಳಂತೆ. ಹೊಸಪೇಟೆಯಲ್ಲಿ ಒಂದು ವರ್ಷ ಇದ್ದು ಅರ್ಧಮರ್ಧ ಕನ್ನಡ ಕಲಿತಿದ್ದಳು. ನಾಲ್ಕು ದಿನ ನಮ್ಮ ಮಗ್ಗದ ಮುಂದೆ ಕುಂತಳು. ಐದನೇ ದಿನ, "ಎರಡು ತಿಂಗಳು ಬನ್ನಿ. ನನ್ನ ಮಕ್ಕಳಿಗೆ ತೋರಿಸಿ" ಅಂದಳು.

ಹೋದ. ಗಂಟಿನಲ್ಲಿ ಹುಣಸೆ ಬೀಜದ ಹಿಟ್ಟು ಒಯ್ದಿದ್ದ. ಅದರ ಗಂಜಿ ಬಳಿಯದಿದ್ದರೆ ಕಂಬಳಿ ಬಿಗಿಯಾಗಲ್ಲ. ವಿಮಾನದ ನಿಲ್ದಾಣದಲ್ಲಿ ಹಿಡಿದು, ಇದೇನು ಅಂತ ಕೇಳಿದರಂತೆ. ಇವನು ಒಂದು ಹಿಡಿ ಬಾಯಿಗೆ ಹಾಕಿಕೊಂಡು ತೋರಿಸಿದ. ಅವರು ಬಿಟ್ಟರು. ಹೊಟ್ಟೆ ಮಾತ್ರ ಮೂರು ದಿನ ಬಿಡಲಿಲ್ಲ.

ನಮ್ಮದು ಕುಣಿ ಮಗ್ಗ. ನೆಲದಲ್ಲಿ ಕುಣಿ ತೋಡಿ, ಕಾಲು ಇಳಿಬಿಟ್ಟು ನೇಯಬೇಕು. ಅವರು ಕೊಟ್ಟದ್ದು ಎರಡನೇ ಮಹಡಿ. ಇವನು ಹಾರೆ ಕೇಳಿದನಂತೆ! ಅವರು ಮೂರು ದಿನ ಮೀಟಿಂಗ್ ಮಾಡಿ, ಹಲಗೆಯ ಕಟ್ಟೆ ಕಟ್ಟಿಸಿ, ನಡುವೆ ಕಾಲು ಬಿಡೋಕೆ ತೂತು ಮಾಡಿ ಕೊಟ್ಟರು. "ನೆಲ ತೋಡ್ಲಿಲ್ಲ ಯಕ್ಕಾ, ನೆಲಾನ ಮ್ಯಾಲ ಎತ್ತಿದ್ರು. ಅಂಥಾ ಶಾಣ್ಯಾರು" ಅಂತ ಸಾಯುವ ತನಕ ಹೇಳುತ್ತಿದ್ದ.

ಚಪ್ಪಲಿ ಕಥೆ ಕೇಳ್ರಿ. ವಿದ್ಯೆ ಹೇಳುವ ಜಾಗ ಅಂದ್ಮೇಲೆ ಗುಡಿ ಇದ್ದಂಗೆ ಅಂತ, ಇವನು ಮೊದಲ ದಿನವೇ ದೊಡ್ಡ ಗೇಟಿನ ಹೊರಗೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಹೋದ. ಗೇಟಿನಿಂದ ಮಗ್ಗದ ಕೋಣೆಗೆ ನಮ್ಮ ಊರಿಂದ ಕೆರೆಗೆ ಇದ್ದಷ್ಟು ದೂರ. ಅದೂ ಚಳಿಗಾಲ. ನೆಲ ಸುಡುವಷ್ಟು ತಣ್ಣಗೆ. ಸಂಜೆ ಬಂದು ನೋಡಿದರೆ ಚಪ್ಪಲಿ ಇಲ್ಲ. ಕಾವಲಿನವನು ಅದನ್ನು ಒರೆಸಿ, ಕಾಗದದಲ್ಲಿ ಸುತ್ತಿ, ಎರಡೂ ಕೈಯಲ್ಲಿ ಹಿಡಿದು, ಬಗ್ಗಿ ಕೊಟ್ಟನಂತೆ. ಎರಡು ತಿಂಗಳು ಇದೇ ಪೂಜೆ. ಒಳಗೆ ಹಾಕ್ಕೊಂಡು ಹೋಗಬಹುದು ಅಂತ ಹೇಳೋಕೆ ಅವರಿಗೆ ಸಂಕೋಚ. ಕೇಳೋಕೆ ಇವನಿಗೆ ಸಂಕೋಚ.

ಊರಿಗೆ ಬಂದ ಮೇಲೆ ಪಾಲಕರಿಗೆಲ್ಲ ಅವನು ಹೇಳುತ್ತಿದ್ದ ಮೊದಲ ಮಾತು ಇದೇ: "ಚಪ್ಪಲಿ ಕಳುವಾಗದಂಥಾ ಕಾಲೇಜ್ ರೀ."

ಈ ಏಜೆಂಟ್ ಕೆಲಸ ಎಲ್ಲ ಯಾಕೆ ಅಂದರೆ, ಜಪಾನ್ ಬಿಟ್ಟು ಬರುವ ದಿನ ಇವನು ಅಲ್ಲಿ ನೇಯ್ದ ಕರಿ ಕಂಬಳಿ ಹಾಸಿ, ಆ ಮೇಡಂನ ಅದರ ಮೇಲೆ ಕೂಡಿಸಿ ಮರ್ಯಾದೆ ಮಾಡಿದ್ದ. ಅವಳು ಕುಂತು, ಚಹಾ ಕುಡಿದು, ಒಂದು ಬಣ್ಣದ ಪುಸ್ತಕ, ಒಂದು ಅರ್ಜಿ ಕೈಗಿಟ್ಟು, "ನಿಮ್ಮ ಊರಿಂದ ಒಬ್ಬರನ್ನು ಓದಲು ಕಳಿಸಿ" ಅಂದಳಂತೆ. ಇವನು ಹೂಂ ಅಂದ.

ನಾನು ಬೈದೆ. "ಲೇ, ಮನಿಗೆ ಬಂದೋರಿಗೆ ಮತ್ತ ಬರ್ರಿ ಅನ್ನಂಗಿಲ್ಲೇನು? ಹಂಗ ಅಂದಾಳ ಬಿಡು."

"ಕಂಬಳಿ ಮ್ಯಾಲ ಕುಂತು ಅಂದಾಳ, ಯಕ್ಕಾ."

ನಮ್ಮಲ್ಲಿ ಕಂಬಳಿ ಅಂದರೆ ದೇವರ ಗದ್ದುಗೆ. ಅದರ ಮೇಲೆ ಕುಂತು ಮಾತು ಕೊಟ್ಟರೆ ಮುಗಿದುಹೋಯ್ತು, ಜಗಳ ಅಲ್ಲೇ ತೀರುತ್ತೆ, ಮದುವೆ ಅಲ್ಲೇ ಗೊತ್ತಾಗುತ್ತೆ. ಆ ಮೇಡಂಗೆ ಅದೇನು ಗೊತ್ತು ಪಾಪ, ಕೂಡು ಅಂದರು, ಕುಂತಳು. ಅಷ್ಟಕ್ಕೆ ನನ್ನ ತಮ್ಮ ಹತ್ತು ವರ್ಷ ಊರೂರು ತಿರುಗಿದ. ಒಬ್ಬರನ್ನು ಕಳಿಸಬೇಕು. ಒಬ್ಬರೇ ಒಬ್ಬರು.

ಅವನ ಗೆಳೆಯ ಕೊಟ್ಟೂರಿನಲ್ಲಿ ಬೋರ್‌ವೆಲ್ ಮೋಟರ್ ರಿವೈಂಡಿಂಗ್ ಮಾಡುವ ಸಾಬರು. ಇವನ ಕಚೇರಿ ಅವರ ಅಂಗಡಿ ಕಟ್ಟೆಯೇ. ಅಲ್ಲಿ ಕುಂತು ಪುಸ್ತಕ ಬಿಚ್ಚಿ ಚಿತ್ರ ತೋರಿಸುವುದು.

"ಭಾಳ ದೊಡ್ಡದೇನು ಅದು?" ಅಂತ ಯಾರಾದರೂ ಕೇಳಬೇಕು, ಅದನ್ನೇ ಕಾಯುತ್ತಿದ್ದ.

"ದೊಡ್ಡದಲ್ಲ, ಸಣ್ಣದಲ್ಲ, ನಡುವಿನ ಹಿಂಡು. ಸಾವಿರ ಕುರಿ ಇದ್ರ ಕುರುಬಗ ಮರಿ ಗುರುತು ಸಿಗಂಗಿಲ್ಲ. ಹತ್ತೇ ಇದ್ರ ಅದು ಹಿಂಡಲ್ಲ. ಅಲ್ಲಿ ಒಂದು ಮರಿ ಸಂಜಿಗೆ ಬರ್ಲಿಲ್ಲಂದ್ರ ಹುಡುಕ್ಕೊಂಡು ಹೋಗೋರು ಅದಾರ."

"ನೀ ಅಲ್ಲಿ ಏನು ಓದಿದಿ, ಕಾಕಾ?"

"ನಾ ಓದ್ಲಿಲ್ಲಪ್ಪ. ಅವರಿಗೇ ಕಲಿಸಿ ಬಂದೆ."

"ರೊಟ್ಟಿ ಸಿಗತೈತೇನು?"

"ಇಲ್ಲ. ಅದಕ್ಕ ಇನ್ನೂ ನಡುವಿನದು ಅಂತಾರ. ರೊಟ್ಟಿ ಸಿಕ್ಕಿದ್ರ ದೊಡ್ಡದಾಗತಿತ್ತು."

ಪುಸ್ತಕದ ಹನ್ನೊಂದನೇ ಪುಟದಲ್ಲಿ ಊಟದ ಹಾಲಿನ ಚಿತ್ರ, ಅದರ ಮೂಲೆಯಲ್ಲಿ ಒಂದು ಮೊಣಕೈ. ಅದು ತನ್ನದೇ ಅಂತ ಎಲ್ಲರಿಗೂ ತೋರಿಸುತ್ತಿದ್ದ. ಒಂದು ದಿನ ಸಾಬರು ಕನ್ನಡಕ ಹಾಕಿಕೊಂಡು, ಅಚ್ಚಾದ ಇಸವಿ ಓದಿ, "ದೋಸ್ತಾ, ನೀ ಹೋಗೋಕಿಂತ ಮುಂಚೆ ಛಾಪಾ ಆಗೇತಿ ಇದು" ಅಂದರು. ಇವನು ಒಂದು ಗಳಿಗೆ ಮೊಣಕೈ ನೋಡಿದ, ತನ್ನದನ್ನೂ ನೋಡಿಕೊಂಡ. "ಹಂಗಾರ ನನ್ನಂಥವನು ಅಲ್ಲಿ ಇನ್ನೊಬ್ಬ ಅದಾನ. ಛಲೋ ಆತು."

ಸಾಬರು ಹಣೆ ಚಚ್ಚಿಕೊಂಡರು. "ಅಕ್ಕಾರ, ಇವನ ತಲಿ ವೈಂಡಿಂಗ್ ಪೂರಾ ಸುಟ್ಟೈತಿ. ಬಿಚ್ಚಿ ಸುತ್ತಾಕ ನನ್ನ ಕೈಲಿ ಆಗಂಗಿಲ್ಲ."

ಒಪ್ಪಿದವರು ಇರಲಿಲ್ಲ ಅಂತಲ್ಲ. ಅರ್ಜಿ ಇದ್ದದ್ದು ಒಂದೇ. ಆದ್ದರಿಂದ ಹೆಸರನ್ನು ಪೆನ್ಸಿಲ್ಲಿನಲ್ಲೇ ಬರೆಸುತ್ತಿದ್ದ. ಕೂಡ್ಲಿಗಿಯ ಹುಡುಗ ಬರೆದ, ಪೊಲೀಸ್ ಕೆಲಸ ಸಿಕ್ಕಿತು, ಹೋದ. ಹರಪನಹಳ್ಳಿಯ ಹುಡುಗಿ ಬರೆದಳು, ಮದುವೆ ಗೊತ್ತಾಯ್ತು. ಹಗರಿಬೊಮ್ಮನಹಳ್ಳಿಯವನು ಬರೆದು, ಎಷ್ಟು ದೂರ ಅಂತ ಮನೆಗೆ ಹೋಗಿ ಕೇಳಿ, ಬರಲೇ ಇಲ್ಲ. ಪ್ರತಿ ಸಲವೂ ಇವನು ಸಿಟ್ಟು ಮಾಡದೆ ರಬ್ಬರ್ ತಗೊಂಡು, ನಾನು ಅಕ್ಕಿ ಆರಿಸುವಷ್ಟು ಸಾವಕಾಶ ಹೆಸರು ಅಳಿಸುತ್ತಿದ್ದ. ಕಾಗದ ತೆಳ್ಳಗಾಗಿ ಆಚೆ ಬೆಳಕು ಕಾಣುತ್ತಿತ್ತು.

"ಇನ್ನ ಸಾಕು ಬಿಡೋ" ಅಂದೆ ನಾನು.

"ಅಕಿ ದಾರಿ ನೋಡತಿರತಾಳ" ಅಂದ.

ಯಾರು ನೋಡುತ್ತಿರುತ್ತಾರೆ? ಆ ಮೇಡಂಗೆ ಆ ಮಾತು ಮರೆತು ಎಷ್ಟು ಕಾಲವಾಗಿತ್ತೋ. ಹಾಗಂತ ಹೇಳಿದೆ ಕೂಡ. ಆವತ್ತು ಅವನು ಉಣ್ಣಲಿಲ್ಲ.

ಎರಡು ವರ್ಷದ ಹಿಂದೆ ಸತ್ತ. ಮಗ್ಗದ ಕುಣಿ ಮುಚ್ಚಿಸಿದೆ, ಕಾಲು ಜಾರೀತು ಅಂತ. ಪುಸ್ತಕ, ಅರ್ಜಿ ಇದ್ದ ಕೈಚೀಲ ಗೂಟದಲ್ಲೇ ಬಿಟ್ಟೆ. ಅದು ಯಾರ ಕಾಲಿಗೂ ತೊಡಕಾಗುತ್ತಿರಲಿಲ್ಲ.

ಹೋದ ತಿಂಗಳು ಸಾಬರು ಬಂದರು, ಹಿಂದೆ ಕಿರಿ ಮಗಳು. ಡಿಗ್ರಿ ಮುಗಿಸಿದ ಹುಡುಗಿ. ಚಿಕ್ಕವಳಿದ್ದಾಗ ಅಂಗಡಿ ಕಟ್ಟೆ ಮೇಲೆ ಕುಂತು ಆ ಚಿತ್ರ ನೋಡುತ್ತಿದ್ದವಳು. ಈಗ ಫೋನಿನಲ್ಲೇ ಅರ್ಜಿ ಹಾಕಿ, ಫೋನಿನಲ್ಲೇ ಪರೀಕ್ಷೆ ಕೊಟ್ಟು, ಅಲ್ಲೇ ಸೀಟು ತಗೊಂಡಿದ್ದಾಳೆ. ಅದೇ ವಿಶ್ವವಿದ್ಯಾಲಯ. ಸಾಬರು ಮಾತ್ರ ಇನ್ನೂ ಹೂಂ ಅಂದಿರಲಿಲ್ಲ. ಮರುದಿನದೊಳಗೆ ಉತ್ತರ ಕೊಡಬೇಕಿತ್ತಂತೆ.

ನಾನು ಕಂಬಳಿ ಹಾಸಿದೆ. ಕುಂತರು. ನಾನೂ ನೂಲು ಹಿಡಿದು ಒಂದು ಅಂಚಿಗೆ ಕುಂತೆ. ಸಾಬರು ಟೋಪಿ ತೆಗೆದರು, ಹಾಕಿಕೊಂಡರು.

"ಅಕ್ಕಾರ, ಅವನಿದ್ದಾಗ ಬರೇ ನಕ್ಕಿದ್ದಾತು. ಒಂದು ಮಾತೂ ನೆಟ್ಟಗ ಕೇಳ್ಲಿಲ್ಲ. ಈಗ ಕೇಳಬೇಕಂದ್ರ ಅವನಿಲ್ಲ. ಹೆಣ್ಣುಹುಡುಗಿ. ಅಲ್ಲಿ ನಮ್ಮೋರು ಅನ್ನೋರು ಯಾರದಾರ? ಅವನು ಏನು ಹೇಳತಿದ್ದ, ನೀವ ಹೇಳ್ರಿ."

ನಾನು ನೂಲು ಬಿಟ್ಟೆ. ಹತ್ತು ವರ್ಷ ಬೈಯುತ್ತ ಕೇಳಿದ್ದು, ಎಲ್ಲಿ ಹೋಗುತ್ತದೆ?

"ದೊಡ್ಡದಲ್ಲ, ಸಣ್ಣದಲ್ಲ. ನಡುವಿನ ಹಿಂಡು. ಒಂದು ಮರಿ ಸಂಜಿಗೆ ಬರ್ಲಿಲ್ಲಂದ್ರ ಹುಡುಕ್ಕೊಂಡು ಹೋಗೋರು ಅದಾರ."

"ಖರೇನ?"

"ಕಂಬಳಿ ಮ್ಯಾಲ ಕುಂತೀನಿ" ಅಂದೆ.

ಸಾಬರು ಕಂಬಳಿಯ ಅಂಚು ಬೆರಳಲ್ಲಿ ಸವರಿದರು. ಆಮೇಲೆ ಮಗಳ ಕಡೆ ತಿರುಗಿ, "ಥಂಡಿ ಐತಂತ. ಸ್ವೆಟರ್ ಎಷ್ಟು ಬೇಕವ್ವಾ?" ಅಂದರು.

ಹುಡುಗಿ ಅತ್ತಳು. ನಾನು ಬೈದೆ. "ಅಳಬ್ಯಾಡ, ಕೇಳು. ಗೇಟಿನ ಹೊರಗ ಚಪ್ಪಲಿ ಬಿಡಬ್ಯಾಡ. ಒಳಗ ತನಕ ಹಾಕ್ಕೊಂಡೇ ಹೋಗು. ಆ ಥಂಡಿಗೆ ಒಡೆದ ನನ್ನ ತಮ್ಮನ ಹಿಮ್ಮಡಿ ಸಾಯೋತನಕ ಕೂಡ್ಲಿಲ್ಲ."

ಎದ್ದು ಗೂಟದ ಚೀಲ ಇಳಿಸಿ ಅರ್ಜಿ ಮುಂದಿಟ್ಟೆ.

"ದೊಡ್ಡವ್ವ, ಇದೇನೂ ಬೇಕಾಗಿಲ್ಲ. ಎಲ್ಲಾ ಫೋನಿನಾಗ ಆಗೇತಿ."

"ಆಗಿದ್ರ ಆಗ್ಲಿ. ಬರಿ."

ಅವಳು ಚೀಲದೊಳಗೆ ಕೈ ಹಾಕಿ, ಅವನ ಮೋಟು ಪೆನ್ಸಿಲ್ ತೆಗೆದಳು.

"ಅದು ಬ್ಯಾಡ" ಅಂದೆ. "ಪೆನ್ನಿಲೆ ಬರಿ."

ಸಾಬರು ಜೇಬಿನ ಪೆನ್ನು ಕೊಟ್ಟರು. ಅಷ್ಟು ಸಲ ಅಳಿಸಿದ ಕಾಗದ. ಎರಡು ಕಡೆ ಹರಿದು, ಮಸಿ ಕೆಳಗಿನ ಕಂಬಳಿಗೆ ಇಳಿಯಿತು. ಕರಿ ಕಂಬಳಿ. ಏನೂ ಕಾಣಲಿಲ್ಲ. ಇನ್ನೂ ತೊಳೆದಿಲ್ಲ.