ಉಕ್ಕಿನ ಗುಂಡು ಮತ್ತು ಧಾರೆಯ ಮಣೆ

ನನ್ನ ಸಿಟ್ಟನ್ನು ನೆತ್ತಿಗೇರಿಸುವ ಮಾತು ಜಗತ್ತಿನಲ್ಲಿ ಒಂದೇ: "ನೀವಲ್ಲರಿ, ಸಾಹೇಬರನ್ನ ಕಾಣಬೇಕು." ಧಾರವಾಡದ ಹೈಸ್ಕೂಲೊಂದರಲ್ಲಿ ನಾನು ಹೆಡ್‌ಕ್ಲಾರ್ಕ್. ಸಹಿಯೊಂದನ್ನು ಬಿಟ್ಟು ಮಿಕ್ಕೆಲ್ಲ ಕೆಲಸ ನನ್ನದೇ. ಆದರೂ ಹೆಬ್ಬಳ್ಳಿಯಿಂದ ಬಂದ ಪಾಲಕರು ನನ್ನ ಉತ್ತರ ಕೇಳಿ, ತಲೆಯಾಡಿಸಿ, ಅದೇ ಉತ್ತರಕ್ಕಾಗಿ ಹೆಡ್‌ಮಾಸ್ತರರ ಬಾಗಿಲಲ್ಲಿ ಕಾದು ಕೂಡುತ್ತಾರೆ. ಹೆಡ್‌ಮಾಸ್ತರರು ನನ್ನನ್ನೇ ಒಳಗೆ ಕರೆದು ಕೇಳುತ್ತಾರೆ.

ಇಂಥ ನಾನು ಬಚ್ಚಲಲ್ಲಿ ಜಾರಿ ಸೊಂಟದ ಕೀಲು ಮುರಿದುಕೊಂಡೆ. ಹುಬ್ಬಳ್ಳಿಯ ದವಾಖಾನೆಯಲ್ಲಿ ದೊಡ್ಡ ಡಾಕ್ಟರರು ಮುರಿದ ಎಲುಬಿನ ತಲೆ ತೆಗೆದು ಉಕ್ಕಿನ ಗುಂಡು ಕೂಡಿಸಿದರು. ಆಗ ಅದು ತೀರಾ ಹೊಸ ಸಂಗತಿ. ನೋಡಲು ಬಂದವರು ಸಪ್ಪಳ ಬರುತ್ತದೇನೋ ಎಂದು ನನ್ನ ತೊಡೆ ತಟ್ಟಿ ನೋಡುತ್ತಿದ್ದರು. ಡಾಕ್ಟರರು ಮಾತ್ರ ಮುಂದೆ ಕಂಡದ್ದು ಒಮ್ಮೆ, ಅದೂ ಬಾಗಿಲಲ್ಲಿ ನಿಂತು "ಛಲೋ ಆಗೇದ" ಎನ್ನುವಷ್ಟು ಹೊತ್ತು. ಹೊಲಿಗೆ ಬಿಚ್ಚಿದವನು ಕಂಪೌಂಡರ್. ನಿಲ್ಲಿಸಿದವರು, ನಡೆಸಿದವರು, ಹಟ ಮಾಡಿದಾಗ ಗದರಿಸಿದವರು ಸಿಸ್ಟರ್ ಮಾರ್ಥಾ.

ಮನೆಗೆ ಹೊರಟಾಗ ಅವರೇ ಹೇಳಿದರು: "ಇನ್ನ ನೆಲದ ಮ್ಯಾಲೆ ಚಕ್ಕಳಮಕ್ಕಳ ಹಾಕಿ ಕೂಡಂಗಿಲ್ರಿ. ಗುಂಡು ಜಾಗಾ ಬಿಟ್ಟು ಹೊರಗ ಬರ್ತದ."

ಮಗಳ ಲಗ್ನಕ್ಕೆ ಉಳಿದದ್ದು ಎರಡು ತಿಂಗಳು. ಇದ್ದೊಬ್ಬ ಮಗಳನ್ನು ಮಣೆಯ ಮೇಲೆ ಕೂತು ಧಾರೆ ಎರೆದುಕೊಡಬೇಕಾದವನು ನಾನು. ನನ್ನ ಬದಲು ಆ ಮಣೆಯ ಮೇಲೆ ನನ್ನ ತಮ್ಮ ಕೂಡುವುದನ್ನು ನೆನೆದರೆ ಅಳು ಬರುತ್ತಿತ್ತು. ಕೋಲು ಹಿಡಿದು ಮನೆತುಂಬ ಅಡ್ಡಾಡಿದೆ, ಕಿಡಕಿ ತೆರೆದೆ, ಮುಚ್ಚಿದೆ. "ಒಂದ ಕಡೆ ಸುಮ್ನ ಕೂಡ್ರಿ" ಎಂದಳು ಹೆಂಡತಿ. ಕೂಡುವುದೇ ನನ್ನ ಚಿಂತೆಯಾಗಿತ್ತು! ಆಪರೇಶನ್ನಿನ ಚಾಕು ಹಿಡಿಯದ ಸಿಸ್ಟರ್ ಮಾತು ನಂಬುವುದು ಹೇಗೆ? ಕೊನೆಗೆ ಹುಬ್ಬಳ್ಳಿಗೆ ಹೋದೆ.

"ನನಗ ಡಾಕ್ಟರನ್ನ ಕಾಣಬೇಕ್ರಿ," ಎಂದೆ ಸಿಸ್ಟರ್ ಮುಂದೆ. ಅವರು ಬೆಂಚು ತೋರಿಸಿದರು. ಮೂರು ತಾಸಿನಲ್ಲಿ ಮೂವತ್ತು ಸಲ ಎದ್ದೆ, ಕೂತೆ. ಡಾಕ್ಟರರು ನನ್ನ ಪ್ರಶ್ನೆ ಕೇಳಿ, ಕನ್ನಡಕ ತೆಗೆದು, ಒರೆಸಿ, ಕರೆದರು: "ಸಿಸ್ಟರ್, ಇವರು ಚಕ್ಕಳಮಕ್ಕಳ ಹಾಕಬಹುದೇನ್ರಿ?"

ಸಿಸ್ಟರ್ ಮಣೆ ಎಷ್ಟು ಎತ್ತರ, ಹೆಂಡತಿ ಯಾವ ಬದಿಗೆ ಕೂಡುತ್ತಾರೆ, ಎಲ್ಲ ಕೇಳಿದರು. "ನಿಮ್ಮ ಸಾಲ್ಯಾಗ ಬೆಂಚ್ ಅದಾವಲ್ಲರಿ? ಮಣಿ ಅದರ ಮ್ಯಾಲಿಡ್ರಿ. ಕಾಲು ಇಳಿಬಿಟ್ಟು ಇಬ್ರೂ ಕೂಡ್ರಿ. ಭಟ್ಟರು ನಿಂತು ಮಂತ್ರ ಹೇಳ್ಲಿ." ನನ್ನ ಕಣ್ಣು ಒದ್ದೆಯಾಯಿತು.

ಲಗ್ನದ ದಿನ ಹಾಗೆಯೇ ಬೆಂಚಿನ ಮೇಲೆ ಕೂತು ಮಗಳ ಕೈ ಹಿಡಿದು ಧಾರೆ ಎರೆದೆ. ಬೀಗರಲ್ಲಿ ಹಿರಿಯರೊಬ್ಬರು ಹುಬ್ಬೇರಿಸಿದರು: "ಇದೇನ್ರಿ, ಇಷ್ಟು ಎತ್ತರಕ್ಕ ಕೂಡ್ಲಿಕ್ಕೆ ಯಾರು ಹೇಳಿದ್ರು?"

"ಡಾಕ್ಟರ್ ಹೇಳ್ಯಾರ್ರಿ!" ಎಂದೆ, ಗತ್ತಿನಿಂದ.

ಎದುರಿನ ಸಾಲಿನಲ್ಲೇ ಸಿಸ್ಟರ್ ಮಾರ್ಥಾ ಕೂತಿದ್ದರು. ಒಮ್ಮೆ ನನ್ನತ್ತ ನೋಡಿ, ತುಸು ನಕ್ಕು, ಕೈಯಲ್ಲಿದ್ದ ಅಕ್ಷತೆಯತ್ತ ಕಣ್ಣಿಳಿಸಿದರು. ಆ ನಗೆ ನನಗೆ ಚೆನ್ನಾಗಿ ಗೊತ್ತು. ಇಪ್ಪತ್ತು ವರ್ಷಗಳಿಂದ ಹೆಡ್‌ಮಾಸ್ತರರ ಬಾಗಿಲಲ್ಲಿ ನಿಂತು ಅದೇ ನಗೆ ನಕ್ಕವನು ನಾನೇ.